ಕಳ್ಳರ ಗಂಟೆಗೆ ಬಂದ ಗದ್ದೆಯವರು

೧೯೬೮ರ ಮಳೆಗಾಲದಲ್ಲಿ ನಾನು ಕೊಕ್ಕರ್ಣೆ ಹತ್ತಿರ ಒಂದು ಶೆಟ್ಟರ ಮನೆಯಲ್ಲಿ ಕೆಲಸಕ್ಕಿದ್ದೆ. ಅಡುಗೆ, ಹಟ್ಟಿಯ ದನ, ಜೊತೆಗೆ ಕಳ್ಳರ ಗಂಟೆ. ಒಡೆಯರಿಗೆ ಬೊಂಬಾಯಿಯಲ್ಲಿ ಹೋಟೆಲು. ಮಗಳ ಮದುವೆಗೆ ಮಾಡಿಸಿದ ಚಿನ್ನ ಒಳಕೋಣೆಯಲ್ಲಿತ್ತು; ಅದಕ್ಕಾಗಿ ಬೊಂಬಾಯಿಯಿಂದ ಗಂಟೆ ತಂದು ಕೂರಿಸಿದ್ದರು. ಸ್ವಿಚ್ಚು ಆರಿಸದೆ ಕೋಣೆಯ ಬಾಗಿಲು ತೆರೆದರೆ ಮಾಡಿನ ಕೆಳಗೆ ಅದು ಬಡಿದುಕೊಳ್ಳುತ್ತಿತ್ತು. ಕರೆಂಟು ಹೋದರೂ ಬಡಿಯಲೆಂದು ಕಾರಿನ ಬ್ಯಾಟರಿ ಜೋಡಿಸಿದ್ದರು.

ನಾನು ಎರಡನೇ ಕ್ಲಾಸು ಓದಿದವಳು. ಆದರೆ ಬ್ಯಾಟರಿ ಕಷ್ಟದ್ದಲ್ಲ. ಒಳಗಿನ ನೀರು ಇಳಿದರೆ ಡಿಸ್ಟಿಲ್ಡ್ ವಾಟರ್ ಹಾಕಬೇಕು, ಬಾವಿ ನೀರು ಕೂಡದು. ತಂತಿ ಕಚ್ಚಿಸುವ ಕಡೆ ಕಿಲುಬು ಬಂದರೆ ಬಿಸಿನೀರಲ್ಲಿ ತೊಳೆದು, ಒರೆಸಿ, ವ್ಯಾಸಲೀನ್ ಹಚ್ಚಬೇಕು. ಹಾಲು ಕೊಡುವ ದನದ ಚಾಕರಿ ಇದಕ್ಕಿಂತ ಹೆಚ್ಚು.

“ತಿಂಗಳಿಗೊಂದ್ ಸಲ ಹೊಡ್ದ್ ಕಾಣ್, ಸಾಕ್” ಎಂದಿದ್ದರು ಒಡೆಯರು. ನಾನು ದಿನಾ ಮಧ್ಯಾಹ್ನ ಹೊಡೆದೆ. ಭತ್ತದ ಸಸಿ ನೆಡುವ ನೆಟ್ಟಿಯ ಕಾಲ; ಗದ್ದೆ ಇಳಿಜಾರಿನ ಕೆಳಗೆ, ಮಳೆಯ ಸದ್ದಿಗೆ ಕೂಗು ಕೇಳದು, ನೆಡುವ ಹೆಂಗಸರನ್ನು ಗಂಜಿಗೆ ಕರೆದು ಕರೆದು ಗಂಟಲು ಹರಿಯುತ್ತಿತ್ತು. ಗಂಟೆ ಕೇಳಿದರೆ ಹೆಂಗಸರು ತಾವೇ ಬರುತ್ತಿದ್ದರು. ಜಗಲಿಯ ಆ ಊಟದ ಗಲಾಟೆ ಮತ್ತೆಲ್ಲೂ ಕಂಡಿಲ್ಲ.

ಒಂದು ದಿನ ಒಡತಿ ನೆಂಟರಿಗೆ ಮದುವೆ ಹೇಳಲು ಶಂಕರನಾರಾಯಣಕ್ಕೆ ಹೊರಟರು. “ಚಿನ್ನ ಹೋದ್ರೆ ಮದಿಯೇ ನಿಂತ್ ಹೋತ್ತ್, ಗಿರಿಜಾ. ಮನಿ ನಿನ್ ಮೇಲಿತ್ತ್” ಎಂದರು.

ಗಾಳಿಗೆ ಕಂಬ ಬಿದ್ದು ಕರೆಂಟಿರಲಿಲ್ಲ. ಬೆಳಿಗ್ಗೆ ನಾನು ಹಟ್ಟಿಯಲ್ಲಿದ್ದಾಗ ಗಂಟೆ ಹೊಡೆಯಿತು. ಓಡಿ ಬಂದರೆ ಅಂಗಳದಲ್ಲಿ ಗುರುತಿಲ್ಲದ ಗಂಡಸು, ಕಂಕುಳಲ್ಲಿ ಚಿನ್ನದ ಪೆಟ್ಟಿಗೆ. ನನ್ನ ಕೈಯಲ್ಲಿ ಸಗಣಿ ಬುಟ್ಟಿ. ಅವನು ನನ್ನನ್ನು ಲೆಕ್ಕಕ್ಕೇ ಇಡದೆ ದಾರಿಯ ಕಡೆ ನಡೆದ.

ದಾರಿ ಕಟ್ಟಿಹೋಗಿತ್ತು. ಮಳೆಗೆ ಓಲೆಯ ಗೊರಬು ಹೊದ್ದ ನೆಟ್ಟಿಯ ಹೆಂಗಸರೆಲ್ಲ ಕೆಸರುಗಾಲಲ್ಲಿ ಹತ್ತಿ ಬರುತ್ತಿದ್ದರು. ಮುಂದಿದ್ದ ಸುಬ್ಬಕ್ಕ ಕೇಳಿದಳು, “ಎಂತ ಗಿರಿಜಾ, ಇವತ್ತ್ ಗಂಜಿ ಬೇಗ ಆಯ್ತಾ?”

“ಗಂಜಿ ಒಲಿ ಮೇಲಿತ್ತ್. ಇವ ಚಿನ್ನ ಹೊತ್ಕಂಡ್ ಹೋತಾ ಇದ್ದ.”

ಸುಬ್ಬಕ್ಕ ಅವನನ್ನು ಮೇಲಿಂದ ಕೆಳಗೆ ನೋಡಿದಳು. “ಎಲ್ಲಿಗ್ ಹೋಪುದ್ ಮಾರಾಯಾ? ಉಂಡ್ಕಂಡ್ ಹೋಗ್.”

ಅವನು ಪೆಟ್ಟಿಗೆ ಬಿಸಾಡಿ ಬೇಲಿ ಹಾರಿದ. ಪಂಚೆ ಮುಳ್ಳಿಗೆ ಸಿಕ್ಕಿ ನಮ್ಮಲ್ಲೇ ಉಳಿಯಿತು. ಮದುವೆ ನಡೆಯಿತು.

ಬಂದ ನೆಂಟರಿಗೆಲ್ಲ ಒಡೆಯರು ಗಂಟೆ ತೋರಿಸಿದರು. ಸುಬ್ಬಕ್ಕನನ್ನು ತೋರಿಸಲಿಲ್ಲ.

ಈಗಿನ ಮನೆಗಳಲ್ಲೂ ಅಲಾರಂ ಇದೆ. ಅದು ಕೂಗಿದರೆ ಆಚೆಮನೆಯವರು ಕಿಟಕಿ ಹಾಕಿಕೊಳ್ಳುತ್ತಾರೆ. ಬ್ಯಾಟರಿಗೆ ನೀರು ಹಾಕಬೇಕು, ನಿಜ. ಆದರೆ ಗಂಟೆ ಕಳ್ಳನನ್ನು ಹಿಡಿಯುವುದಿಲ್ಲ, ಕರೆಯುತ್ತದೆ ಅಷ್ಟೆ. ಕರೆದರೆ ಬರುವವರಿಗೆ ನಾವು ದಿನಾ ಬಡಿಸಿರಬೇಕು.