ದೊಡ್ಡಪ್ಪನ ಕಾರಿನ ಗೇರ್ ತಪಾಸಣಾ ವರದಿ

ಮಿತ್ರರೇ, ದಯವಿಟ್ಟು ಎದ್ದು ನಿಂತು ಓದಿ, ವಿಷಯ ಗಂಭೀರವಾಗಿದೆ. ಕೊಬ್ಬರಿ ಮಂಡಿಯ ನಮ್ಮ ದೊಡ್ಡಪ್ಪ ಕೊಂಡ ಹಳೇ ಆಟೋಮ್ಯಾಟಿಕ್ ಕಾರು ಗೇರ್ ಬದಲಾದಾಗಲೆಲ್ಲ ಒಳಗಿದ್ದವರನ್ನು ಎತ್ತಿ ಒಗೆಯುತ್ತಿತ್ತು. ಬೇಲೂರಿನ ತಂಗಿ ಮನೆಗೆ ಹೊರಟ ದೊಡ್ಡಮ್ಮ ಇವತ್ತು ಬೆಳಿಗ್ಗೆ, "ನೀವು ಕಾರಲ್ಲಿ ಬನ್ನಿ, ನಾನು ಬಸ್ಸಲ್ಲಿ ಬತ್ತೀನಿ" ಎಂದು ಚೀಲ ಹಿಡಿದೇಬಿಟ್ಟರು.

ಅವರನ್ನು ತಡೆದು ಮೆಕ್ಯಾನಿಕ್ ರಫೀಕಣ್ಣನನ್ನು ಕರೆಸಿದೆವು. ಗೇರ್ ಆಯಿಲ್ ನೋಡಿದ, ಸರಿಯಿತ್ತು. ತಾನೇ ಓಡಿಸಿದ, ಕಾರು ತೇಲಿದಂತೆ ಹೋಯಿತು. ದೊಡ್ಡಪ್ಪ ಕೂತರೆ ಮತ್ತೆ ಅದೇ ಎಗರಾಟ. ರಫೀಕಣ್ಣ ಬಗ್ಗಿ ಅವರ ಪಾದ ನೋಡಿದ.

"ಯಜಮಾನ್ರೇ, ಎಡಗಾಲಲ್ಲಿ ಏನ್ ತುಳೀತಿದೀರಾ?"

"ಕ್ಲಚ್ಚು."

"ಇದ್ರಲ್ಲಿ ಕ್ಲಚ್ಚೇ ಇಲ್ಲ ಕಣ್ರೀ. ನೀವು ತುಳೀತಿರೋದು ಬ್ರೇಕು."

"ಇಪ್ಪತ್ತು ವರ್ಷ ಜೀಪು ಓಡಿಸಿದ ಕಾಲು ಕಣಯ್ಯ. ಇಂಜಿನ್ ಸದ್ದು ಬದಲಾದ್ರೆ ತಾನೇ ಹೋಗ್ತೈತೆ."

"ಹಂಗಾದ್ರೆ ಮಂಡೀಲಿ ಕೂತಂಗೆ ಆ ಕಾಲು ಮಡಚಿ ಸೀಟಿನ ಮೇಲೆ ಇಟ್ಕಳಿ."

ಇಟ್ಟುಕೊಂಡರು. ಒಂದು ಸುತ್ತು ಓಡಿಸಿದ್ದು ನೋಡಿ ದೊಡ್ಡಮ್ಮ ಚೀಲದ ಸಮೇತ ಹಿಂದಿನ ಸೀಟು ಹತ್ತಿದರು. ಬೇಲೂರಿನವರೆಗೆ ಒಂದೇ ಒಂದು ಎಗರಾಟವಿಲ್ಲ.

ಅಲ್ಲಿ ದೊಡ್ಡಮ್ಮ ಇಳಿದು ತಂಗಿ ಮನೆಯಲ್ಲಿ ಕಾಫಿ ಕುಡಿದರು. ಜೋಮು ಹಿಡಿದ ಎಡಗಾಲು ಏಳಲೊಪ್ಪದ ಕಾರಣ ದೊಡ್ಡಪ್ಪನ ಕಾಫಿಯನ್ನು ಕಾರಿಗೇ ಕಳಿಸಲಾಯಿತು.