ತಲೆಯ ಕಡೆಯ ನೀಲಿ ತೇಪೆ

ನನ್ನ ಗಂಡ ಆಲ್ಟರೇಷನ್ ಟೈಲರ್. ಹೊಸ ಬಟ್ಟೆ ಹೊಲಿಯುವವರಲ್ಲ. ಬೇರೆ ಯಾರೋ ಹೊಲಿದದ್ದನ್ನು ಗಿಡ್ಡ ಮಾಡುವುದು, ಸಡಿಲ ಮಾಡುವುದು, ಕೆಟ್ಟ ಜಿಪ್ಪನ್ನು ಕಿತ್ತು ಬೇರೆ ಹಾಕುವುದು, ಇಷ್ಟೇ ಅವರ ಕಸುಬು. ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ, ಬೀಗದ ಕೈ ಮಾಡುವವನ ಅಂಗಡಿಗೂ ಔಷಧಿ ಅಂಗಡಿಗೂ ನಡುವೆ, ಇಬ್ಬರು ಒಳಗೆ ನಿಂತರೆ ಮೂರನೆಯವರು ಬೀದಿಯಲ್ಲೇ ಕಾಯಬೇಕಾದಂಥ ಜಾಗದಲ್ಲಿ ಮೂವತ್ತು ವರ್ಷದಿಂದ ಕೂತಿದ್ದಾರೆ. ಹದಿನೈದನೆಯ ವಯಸ್ಸಿಗೆ ಸೋದರಮಾವನ ಕೈಕೆಳಗೆ ಗುಂಡಿ ಹಚ್ಚುವುದನ್ನು ಕಲಿತವರು. ಐವತ್ತು ದಾಟಿದರೂ ಸೂಜಿಗೆ ದಾರವನ್ನು ಒಂದೇ ಸಲಕ್ಕೆ ಪೋಣಿಸುತ್ತಾರೆ. ಮಾತು ಕಡಿಮೆ. ಬಾಯಲ್ಲಿ ಯಾವಾಗಲೂ ಎರಡು ಗುಂಡುಸೂಜಿ ಕಚ್ಚಿಕೊಂಡಿರುವುದರಿಂದ ಮಾತು ಕಡಿಮೆಯೋ, ಮಾತು ಬೇಡವೆಂದೇ ಗುಂಡುಸೂಜಿ ಕಚ್ಚಿಕೊಳ್ಳುತ್ತಾರೋ, ಒಂಬತ್ತು ವರ್ಷ ಸಂಸಾರ ಮಾಡಿದರೂ ನನಗೆ ತಿಳಿದಿಲ್ಲ.

ನಾನು ಇವರ ಎರಡನೆಯ ಹೆಂಡತಿ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಮುಂದೆ ಬರುವುದೆಲ್ಲ ನನ್ನ ಹೊಟ್ಟೆಕಿಚ್ಚಿನ ಸಮಾಚಾರವೇ. ಮೊದಲನೆಯವಳು ಕಾಯಿಲೆಯಿಂದ ತೀರಿಕೊಂಡು ನಾಲ್ಕು ವರ್ಷವಾದ ಮೇಲೆ ನಾನು ಈ ಮನೆಗೆ ಬಂದೆ. ಅವಳ ಮುಖವನ್ನು ನಾನು ನೋಡಿಲ್ಲ. ಮನೆಯಲ್ಲಿ ಒಂದು ಫೋಟೋ ಕೂಡ ಇರಲಿಲ್ಲ. ಇದ್ದಿದ್ದರೆ ಎಷ್ಟೋ ವಾಸಿಯಿತ್ತು. ಮೂಗು ಸೊಟ್ಟಗಿದೆ, ಹಲ್ಲು ಉಬ್ಬಿದೆ ಎಂದು ಏನಾದರೂ ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಮುಖ ಕಾಣದವಳ ಜೊತೆ ಹೇಗೆ ಜಗಳ ಆಡುವುದು?

ಎರಡು ಕೋಣೆ, ಒಂದು ಅಡುಗೆಮನೆ, ಬಟ್ಟೆ ಒಣಗಿಸುವಷ್ಟು ಬಾಲ್ಕನಿ. ಈ ಮನೆಯಲ್ಲಿ ಯಾವುದನ್ನೂ ಬಿಸಾಡುವಂತಿಲ್ಲ. ತರಕಾರಿ ತೊಳೆದ ನೀರು ಗಿಡಕ್ಕೆ. ಸ್ನಾನದ ನೀರನ್ನು ಟಬ್ಬಿನಲ್ಲಿ ಹಿಡಿದಿಟ್ಟು ನೆಲ ಒರೆಸುವುದಕ್ಕೆ. ಸವೆದ ಸೋಪಿನ ಚೂರುಗಳನ್ನು ಒದ್ದೆ ಮಾಡಿ ಒತ್ತಿ ಮತ್ತೊಂದು ಸೋಪು. ಪ್ಲಾಸ್ಟಿಕ್ ಚೀಲ ಹೊಸಿಲು ದಾಟಿ ಒಳಗೆ ಬರುವಂತಿಲ್ಲ. ಬಾಲ್ಕನಿಯ ಮೂಲೆಯಲ್ಲಿ ಮುಚ್ಚಳವಿರುವ ಒಂದು ದೊಡ್ಡ ಮಡಕೆ. ಸಿಪ್ಪೆ, ಚಹಾದ ಚರಟ, ಒಣಗಿದ ಎಲೆ ಎಲ್ಲ ಅದರ ಹೊಟ್ಟೆಗೆ. ನಾಲ್ಕೈದು ತಿಂಗಳಿಗೊಮ್ಮೆ ರಜೆಯ ದಿನ ಇವರು ಜರಡಿ ಹಿಡಿದು ಅದರ ಗೊಬ್ಬರವನ್ನು ಸೋಸುತ್ತಾರೆ, ಮಗುವಿಗೆ ತಲೆ ಬಾಚುವಷ್ಟು ತಾಳ್ಮೆಯಿಂದ.

ನನ್ನ ಕೆಲಸ ಇದಕ್ಕೆ ತದ್ವಿರುದ್ಧ. ನಾನು ಒಂದು ಆಸ್ಪತ್ರೆಯ ದಾಖಲೆ ಕೋಣೆಯಲ್ಲಿದ್ದೇನೆ. ಅವಧಿ ಮುಗಿದ ಕಡತಗಳನ್ನು ಆರಿಸಿ, ಪಟ್ಟಿಗೆ ಟಿಕ್ ಹಾಕಿ, ಯಂತ್ರಕ್ಕೆ ಕೊಟ್ಟು ಚೂರು ಮಾಡಿಸುವುದು ನನ್ನ ಪಾಲಿನ ಕೆಲಸ. ಕಡತ ಹೋದರೆ ಕಪಾಟು ಖಾಲಿ, ಮನಸ್ಸು ಹಗುರ. ಅಂಥವಳು ಬಂದು ಸೇರಿದ್ದು ಇಂಥ ಮನೆಗೆ.

ಮೊದಮೊದಲು ರೇಗುತ್ತಿತ್ತು, ಆಮೇಲೆ ರುಚಿ ಹತ್ತಿತು. ಸುಳ್ಳು ಏಕೆ ಹೇಳಲಿ, ಸುಖವಾಗಿಯೇ ಇದ್ದೆವು. ಸಂಜೆ ಎರಡು ಕೋಣೆಯಲ್ಲೂ ದೀಪ ಬೇಡವೆಂದು ಒಂದೇ ದೀಪದ ಕೆಳಗೆ ಕೂರುತ್ತಿದ್ದೆವು. ಅವರ ಕೈಯಲ್ಲಿ ಹೊಲಿಗೆ, ನನ್ನ ಕೈಯಲ್ಲಿ ಪತ್ರಿಕೆ. ಕುಂಡದಲ್ಲಿ ಬಿಟ್ಟ ಮೊದಲ ಟೊಮೆಟೊವನ್ನು ಕುಯ್ದು ಉಪ್ಪು ಸವರಿ ನಿಂತಲ್ಲೇ ತಿನ್ನುತ್ತಿದ್ದೆವು. ಎರಡು ಹೋಳಿನಲ್ಲಿ ದೊಡ್ಡದು ನನಗೆ. ಅದನ್ನು ಕೊಡುವಾಗ ಅವರು ಬೇರೆ ಕಡೆ ನೋಡುತ್ತಿದ್ದರು, ತಮಗೆ ಗೊತ್ತೇ ಆಗಿಲ್ಲ ಎನ್ನುವ ಹಾಗೆ.

ಆದರೆ ಅವರ ಅಕ್ಕ ಬಂದಾಗಲೆಲ್ಲ ಆ ಸುಖಕ್ಕೆ ಹುಳಿ ಹಿಂಡಿ ಹೋಗುತ್ತಿದ್ದರು. ನನ್ನ ಅತ್ತಿಗೆ ಕೆಟ್ಟವರಲ್ಲ, ನಾಲಿಗೆಗೆ ಮಾತ್ರ ಕಡಿವಾಣವಿಲ್ಲ. ಗಿಡಗಳನ್ನು ನೋಡಿ, ಡಬ್ಬಗಳ ಸಾಲು ನೋಡಿ, ನಿಟ್ಟುಸಿರು ಬಿಟ್ಟು, "ಪಾಪ, ಅವಳು ಇದ್ದಾಗ ಈ ಮನೆ ಹೇಗಿತ್ತು ಅಂತೀಯ" ಎನ್ನುತ್ತಿದ್ದರು. ಹೇಗಿತ್ತು ಎಂದು ನಾನು ಕೇಳುತ್ತಿರಲಿಲ್ಲ. ಕೇಳಿದರೆ ಉತ್ತರ ಬರುತ್ತದಲ್ಲ. ನಾನೇ ಉತ್ತರ ಕಟ್ಟಿಕೊಂಡೆ: ಈ ಮಡಕೆ ಅವಳದು, ಈ ಟಬ್ಬು ಅವಳದು, ಸೋಪಿನ ಚೂರು ಒತ್ತುವುದನ್ನು ಹೇಳಿಕೊಟ್ಟವಳೂ ಅವಳೇ. ಯಾವುದನ್ನೂ ಬಿಸಾಡದ ಮನೆಯಲ್ಲಿ ಅವಳನ್ನು ಮಾತ್ರ ಬಿಸಾಡಿರುತ್ತಾರೆಯೇ? ಹೀಗೆಂದುಕೊಂಡ ದಿನದಿಂದ ಸ್ನಾನದ ನೀರು ಹಿಡಿಯುವಾಗಲೂ ನನ್ನ ಮೈ ಉರಿಯುತ್ತಿತ್ತು.

ಎಲ್ಲಕ್ಕಿಂತ ಹೆಚ್ಚು ಉರಿಸಿದ್ದು ಕೌದಿ. ತುಂಡು ಬಟ್ಟೆಗಳನ್ನು ಕೂಡಿಸಿ ಹೊಲಿದ ಆ ಹೊದಿಕೆ ನಾನು ಬರುವ ಮೊದಲೇ ಈ ಮಂಚದ ಮೇಲಿತ್ತು. ನೋಡಿದವರಿಗೆಲ್ಲ ಗೊತ್ತಾಗುವಂತೆ ಅದರ ತುಂಬ ಹೆಂಗಸರ ಬಟ್ಟೆ: ಹೂವಿನದು, ಗೆರೆಯದು, ಚೌಕುಳಿಯದು. ತಲೆಯ ಕಡೆ, ಸರಿಯಾಗಿ ಇವರ ಗಲ್ಲ ತಾಗುವಲ್ಲಿ, ನಾಲ್ಕು ಬೆರಳು ಅಗಲ, ಒಂದು ಮೊಳ ಉದ್ದದ ಕಡು ನೀಲಿ ತೇಪೆ. ರಜೆಯ ದಿನ ಮಧ್ಯಾಹ್ನ ಊಟವಾಗಿ ಒರಗಿದಾಗ ಇವರ ಹೆಬ್ಬೆರಳು ಆ ನೀಲಿಯನ್ನು ಹುಡುಕಿಕೊಂಡು ಹೋಗುತ್ತಿತ್ತು. ಅದನ್ನು ಒಂದೇ ಸಮ ಸವರುತ್ತ ನಿದ್ದೆ ಹೋಗುತ್ತಿದ್ದರು. ಪಕ್ಕದಲ್ಲಿ ಜೀವಂತ ಹೆಂಡತಿ ಇದ್ದಾಳೆ, ಸವರುವುದು ಚಿಂದಿಯನ್ನು. ಒಂಬತ್ತು ವರ್ಷ ನೋಡಿದೆ.

ಹೋದ ಸಲ ಮಡಕೆ ಖಾಲಿಯಾಗಿ ಹೊಸದಾಗಿ ತುಂಬತೊಡಗಿದ ವಾರ ಅತ್ತಿಗೆ ಬಂದು ಅದೇ ನಿಟ್ಟುಸಿರು ಬಿಟ್ಟು ಹೋದರು. ಮರುದಿನ ನನಗೆ ರಜೆ, ಇವರು ಅಂಗಡಿಗೆ ಹೋಗಿದ್ದರು. ಹೊಲಿಗೆ ಬಿಚ್ಚುವ ಕೊಕ್ಕೆಯನ್ನು ಅವರ ಡಬ್ಬದಿಂದಲೇ ತೆಗೆದುಕೊಂಡು ನೀಲಿ ತೇಪೆಯನ್ನು ಕಿತ್ತೆ. ಹೊಲಿಗೆ ಎಷ್ಟು ಭದ್ರವಾಗಿತ್ತೆಂದರೆ ಒಂದು ಗಂಟೆ ಕೆದಕಿದರೂ ಒಂದು ಮೂಲೆಯಷ್ಟೇ ಬಿಚ್ಚಿತು. ಕಡೆಗೆ ಸಹನೆ ಕೆಟ್ಟು ಉಳಿದದ್ದನ್ನು ದಾರದ ಸಮೇತ ಕತ್ತರಿಸಿದೆ. ಕಸದ ಬುಟ್ಟಿಗೆ ಹಾಕಿದರೆ ಸಿಕ್ಕಿಬೀಳುತ್ತೇನೆ. ನಮ್ಮ ಬುಟ್ಟಿಯಲ್ಲಿ ವಾರಕ್ಕೆ ಒಂದು ಹಿಡಿ ಕಸವಿಲ್ಲ. ಹತ್ತಿ ಬಟ್ಟೆ ಮಣ್ಣಿನಲ್ಲಿ ಕೊಳೆಯುತ್ತದೆಂದು ಇವರೇ ನನಗೆ ಹೇಳಿಕೊಟ್ಟಿದ್ದರು. ಮಡಕೆಯ ತಳ ಕೆದಕಿ, ಒದ್ದೆ ಎಲೆಗಳ ಕೆಳಗೆ ಅದನ್ನು ಹೂತು, ಮೇಲೆ ಚಹಾದ ಚರಟ ಸುರಿದೆ. ಆಮೇಲೆ ಕೈ ತೊಳೆದುಕೊಂಡು ಹಾಯಾಗಿ ಊಟ ಮಾಡಿದೆ. ಆವತ್ತಿನ ಊಟ ಬಹಳ ರುಚಿಯಾಗಿತ್ತು, ಅದನ್ನೂ ಮುಚ್ಚಿಡುವುದಿಲ್ಲ.

ಸಂಜೆ ಅವರು ಕೌದಿ ಮಡಚುವಾಗ ಕೈ ನಿಂತಿತು.

"ಇಲ್ಲೊಂದು ತುಂಡಿತ್ತಲ್ಲ."

"ಹರಿದಿತ್ತು, ತೆಗೆದೆ."

"ಎಲ್ಲಿಟ್ಟೆ?"

"ಎಲ್ಲಿಟ್ಟೆನೋ, ನೆನಪಿಲ್ಲ."

ಅವರು ಚಿಂದಿಯ ಚೀಲದಲ್ಲಿ ಹುಡುಕಿದರು, ಮಂಚದ ಕೆಳಗೆ ಬಗ್ಗಿ ನೋಡಿದರು. ಕೊಡೆಯ ತೂತಿಗೂ ತೇಪೆ ಹಾಕುವ ಮನುಷ್ಯ ಆ ಜಾಗಕ್ಕೆ ಬೇರೆ ತುಂಡು ಹಾಕಲಿಲ್ಲ. ನಾಲ್ಕು ತಿಂಗಳು ಅಲ್ಲಿ ಒಳಗಿನ ಬಿಳಿ ಅರಳೆ ಕಾಣುತ್ತಲೇ ಇತ್ತು. ಮಧ್ಯಾಹ್ನ ಅವರ ಹೆಬ್ಬೆರಳು ಅಲ್ಲಿಗೇ ಹೋಗಿ, ಏನೂ ಸಿಗದೆ, ಹಿಂದಕ್ಕೆ ಬರುತ್ತಿತ್ತು. ಗೆದ್ದೆ ಎಂದುಕೊಂಡಿದ್ದವಳು ನಾನು. ತೇಪೆ ಇದ್ದಾಗ ನಾಲ್ಕು ಬೆರಳಷ್ಟಿದ್ದ ಹೊಟ್ಟೆಕಿಚ್ಚು ಅದು ಹೋದ ಮೇಲೆ ಮಂಚದ ತುಂಬ ಆಯಿತು. ಅವಳ ಜಾಗಕ್ಕೆ ಬೇರೆ ಯಾವ ಬಟ್ಟೆಯೂ ಆಗುವುದಿಲ್ಲ ಎಂದ ಮೇಲೆ ನಾನು ಈ ಮನೆಯಲ್ಲಿ ಯಾವ ಲೆಕ್ಕ?

ಗೊಬ್ಬರ ಸೋಸುವ ದಿನ ಬಂತು. ಬೆಳಿಗ್ಗೆ ಬಾಲ್ಕನಿಯಲ್ಲಿ ಹಳೆಯ ಪತ್ರಿಕೆ ಹಾಸಿ ಅವರು ಜರಡಿ ಹಿಡಿದು ಕೂತರು. ನಾನು ಮನೆಗೆಲಸಕ್ಕೆಂದು ಇಟ್ಟುಕೊಂಡಿದ್ದ ಹಳೆಯ ಅಂಗಿ ತೊಟ್ಟು ಕುಂಡಗಳನ್ನು ಸರಿಸುತ್ತಿದ್ದೆ. ಕಾಲಿನವರೆಗೆ ಬರುವ ಆ ಅಂಗಿ ಒಗೆದು ಒಗೆದು ಬೂದಿ ಬಣ್ಣಕ್ಕೆ ತಿರುಗಿದೆ. ಬಟ್ಟೆ ಕರಗಿರುತ್ತದೆಂದು ನನಗೆ ಧೈರ್ಯವಿತ್ತು. ಬಟ್ಟೆ ಕರಗಿತ್ತು, ನಿಜ. ದಾರ ಕರಗಿರಲಿಲ್ಲ.

ಟೈಲರ್ ಹೆಂಡತಿಯಾಗಿ ನಾನು ಮಾಡಬಾರದಿದ್ದ ತಪ್ಪು ಅದು. ಹೊಲಿಗೆ ಯಂತ್ರದ ದಾರ ಪಾಲಿಯೆಸ್ಟರ್, ನೂರು ಮಳೆಗಾಲ ಕಂಡರೂ ಕೊಳೆಯುವುದಿಲ್ಲ. ಜರಡಿಯ ಮೇಲೆ ಕಪ್ಪು ಮಣ್ಣೆಲ್ಲ ಇಳಿದು ಹೋಗಿ, ನಾಲ್ಕು ಬೆರಳು ಅಗಲದ ಒಂದು ಚೌಕಟ್ಟು ಮಾತ್ರ ಉಳಿಯಿತು, ಸಾಲು ಹೊಲಿಗೆಯ ಗಂಟುಗಳ ಸಮೇತ. ತಮ್ಮ ಹೊಲಿಗೆ ಅವರಿಗೆ ಗೊತ್ತಾಗದೆ ಇರುತ್ತದೆಯೇ? ಅದನ್ನು ಎತ್ತಿ ಬೆಳಕಿಗೆ ಹಿಡಿದರು.

"ಇದನ್ನ ಇಲ್ಲಿ ಹಾಕಿದ್ಯಾ?"

ಸಿಕ್ಕಿಬಿದ್ದಾಗ ಅಳುವವಳಲ್ಲ ನಾನು, ಎಗರುವವಳು.

"ಹೌದು, ಹಾಕ್ದೆ. ಒಂಬತ್ತು ವರ್ಷ ಸಹಿಸ್ಕೊಂಡೆ. ಅವಳ ಬಟ್ಟೆ ಸವರ್ಕೊಂಡು ಮಲಗ್ತೀರಲ್ಲ, ನಾನೇನು ಕುರುಡೀನಾ?"

"ಯಾರ ಬಟ್ಟೆ?"

"ಇನ್ಯಾರದು? ಈ ಮನೇಲಿ ಎಲ್ಲ ಅವಳದೇ ಅಲ್ವಾ. ಈ ಮಡಕೆ, ಆ ಟಬ್ಬು, ಆ ಸೋಪು."

ಅವರು ಜರಡಿಯನ್ನು ಕೆಳಗಿಟ್ಟರು. ಬಾಯಲ್ಲಿ ಗುಂಡುಸೂಜಿ ಇರಲಿಲ್ಲ.

"ಅವಳದು ಈ ಮನೇಲಿ ಏನೂ ಇಲ್ಲ ಕಣೆ. ಅವಳು ಹೋದ ವಾರ ನಾನು ಅಂಗಡಿಗೆ ಹೋಗಿ ಬರೋದ್ರೊಳಗೆ ಅಕ್ಕ ಎಲ್ಲ ಗಂಟು ಕಟ್ಟಿ ಯಾರ್ಯಾರಿಗೋ ಕೊಟ್ಟುಬಿಟ್ಟಿದ್ಲು. ಕಣ್ಣೆದುರು ಇದ್ರೆ ಕೊರಗ್ತೀನಿ ಅಂತ. ಬಟ್ಟೆ, ಚಪ್ಪಲಿ, ಫೋಟೋ, ಬಾಚಣಿಗೆ. ನಾನು ಬಂದು ನೋಡಿದ್ರೆ ಒಂದು ಕೂದಲೆಳೇನೂ ಇರ್ಲಿಲ್ಲ." ದಾರದ ಚೌಕಟ್ಟನ್ನು ಪತ್ರಿಕೆಯ ಮೇಲಿಟ್ಟು ಹೇಳಿದರು, "ಅವಳು ಯಾವುದನ್ನೂ ಇಟ್ಕೊಳ್ಳೋಳಲ್ಲ, ಹೊಸದು ಬಂದ್ರೆ ಹಳೇದನ್ನ ಎಸೆಯೋಳು. ಈ ಮಡಕೆ ಗಿಡಕೆ ಎಲ್ಲ ನಾನು ಆಮೇಲೆ ಶುರು ಮಾಡಿದ್ದು. ಆವತ್ತಿಂದ ಏನನ್ನೂ ಬಿಸಾಡೋಕೆ ಕೈ ಬರಲ್ಲ, ಅಷ್ಟೇ."

ಹಾಗಾದರೆ ಅತ್ತಿಗೆಯ ನಿಟ್ಟುಸಿರು ಈ ಡಬ್ಬಗಳ ಸಾಲು ಕಂಡು ಬೇಸರದಿಂದ ಬಂದದ್ದು. ನಾನು ಇಷ್ಟು ವರ್ಷ ಹೊಟ್ಟೆ ಉರಿಸಿಕೊಂಡದ್ದು ಅವಳದ್ದೇ ಅಲ್ಲದ ವಸ್ತುಗಳ ಮೇಲೆ. ಆದರೂ ನನ್ನ ಬುದ್ಧಿ ನೋಡಿ: ಒಬ್ಬಳು ಹೋದದ್ದಕ್ಕೆ ಒಬ್ಬ ಮನುಷ್ಯ ಬದುಕುವ ರೀತಿಯನ್ನೇ ಬದಲಿಸಿಕೊಂಡನಲ್ಲ ಎಂದು ಆಗಲೂ ಚುರ್ರೆಂದಿತು. ಈ ಒಂದು ಹೊಟ್ಟೆಕಿಚ್ಚು ನ್ಯಾಯವಾದದ್ದು, ಇದನ್ನು ನಾನು ಬಿಡುವುದಿಲ್ಲ.

"ಮತ್ತೆ ಕೌದಿ ತುಂಬ ಹೆಂಗಸರ ಬಟ್ಟೆ?"

"ಅಂಗಡೀಲಿ ಕತ್ತರಿಸಿದ ಅಂಚುಗಳು. ಉದ್ದ ಇದ್ದದ್ದನ್ನ ಗಿಡ್ಡ ಮಾಡಿದಾಗ ಉಳಿಯುತ್ತಲ್ಲ. ಯಾರೂ ವಾಪಸ್ ಕೇಳಲ್ಲ."

"ಆ ನೀಲಿ?"

ಅವರು ಮಣ್ಣಾದ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು, ಕೂತಲ್ಲಿಂದಲೇ ಮುಂದಕ್ಕೆ ಬಗ್ಗಿ, ನಾನು ತೊಟ್ಟಿದ್ದ ಅಂಗಿಯ ಅಂಚನ್ನು ಹಿಡಿದು ಒಳಗಿನ ಮಡಿಕೆಯನ್ನು ಬೆರಳಿನಿಂದ ಬಿಡಿಸಿ ತೋರಿಸಿದರು. ಬಿಸಿಲು ಕಾಣದ, ಸೋಪು ಸರಿಯಾಗಿ ತಾಗದ ಆ ಮಡಿಕೆಯ ಒಳಗೆ ಬಟ್ಟೆ ಕಡು ನೀಲಿಯಾಗಿತ್ತು.

ಆಗ ನೆನಪಾಯಿತು. ಹನ್ನೊಂದು ವರ್ಷದ ಹಿಂದೆ, ಆಸ್ಪತ್ರೆಯ ಕೆಲಸ ಸಿಕ್ಕ ಹೊಸತರಲ್ಲಿ, ಕಾಲಿಗೆ ತೊಡರುತ್ತಿದ್ದ ಹೊಸ ಅಂಗಿಯನ್ನು ಗಿಡ್ಡ ಮಾಡಿಸಲು ಬಸ್ ನಿಲ್ದಾಣದ ಹಿಂದಿನ ಬೀದಿಗೆ ಹೋಗಿದ್ದೆ. ಬೇಗ ಕೊಡಿ, ನಾಳೆ ಬೇಕು ಎಂದು ಟೈಲರ್ ಮೇಲೆ ರೇಗಿದ್ದೆ. ಅವರು ಗುಂಡುಸೂಜಿ ಕಚ್ಚಿಕೊಂಡು ತಲೆಯಾಡಿಸಿದ್ದರು. ಎರಡು ವರ್ಷದ ಮೇಲೆ ಮದುವೆಯ ಮಾತು ಬಂದಾಗಲೂ ಆ ಒಂದು ಸಲದ ಭೇಟಿ ನನ್ನ ತಲೆಗೆ ಬಂದಿರಲಿಲ್ಲ. ಅದೇ ಅಂಗಿ ಇದು. ಇದಕ್ಕೊಮ್ಮೆ ನೀಲಿ ಬಣ್ಣವಿತ್ತೆಂಬುದನ್ನೇ ನಾನು ಮರೆತಿದ್ದೆ. ಕಿತ್ತು ಹೂತದ್ದು ನನ್ನನ್ನೇ.

ಅಂಚನ್ನು ಅವರ ಕೈಯಿಂದ ಬಿಡಿಸಿಕೊಂಡು ಕೇಳಿದೆ, "ಆಗ ನಾನು ನಿಮಗೆ ಯಾರು ಅಂತಾನೂ ಗೊತ್ತಿರ್ಲಿಲ್ಲ. ಯಾಕೆ ಇಟ್ಕೊಂಡ್ರಿ?"

"ಬಟ್ಟೆ ಗಟ್ಟಿಯಾಗಿತ್ತು."

"ತಲೆ ಕಡೆ ಯಾಕೆ ಹಾಕಿದ್ರಿ?"

"ಅಳತೆ ಹೊಂದ್ತು."

ಕೌದಿಯ ಎಲ್ಲ ತುಂಡುಗಳ ಅಳತೆಯೂ ಒಂದೇ. ಒಂಬತ್ತು ವರ್ಷ ಹೊದ್ದವಳಿಗೆ ಅದು ಗೊತ್ತಿಲ್ಲವೇ? ಅವರು ತಲೆ ತಗ್ಗಿಸಿ ಮತ್ತೆ ಜರಡಿ ಆಡಿಸತೊಡಗಿದರು. ಕಿವಿ ಎರಡೂ ಕೆಂಪಗಾಗಿದ್ದವು.

ಆವತ್ತೇ ಮಧ್ಯಾಹ್ನ ಅಂಗಿಯನ್ನು ಅವರ ಮುಂದಿಟ್ಟೆ. ಅವರು ಒಳಮಡಿಕೆಯ ನೀಲಿ ಜಾಗಕ್ಕೆ ಸೀಮೆಸುಣ್ಣದಿಂದ ಗೆರೆ ಎಳೆಯಲು ಹೋದರು.

"ಅದು ಬೇಡ. ಈ ಮುಂಭಾಗದ್ದನ್ನ ಕತ್ತರಿಸಿ."

"ಇದು ಪೂರ್ತಿ ಬಿಳಚ್ಕೊಂಡಿದೆ."

"ನಿಮ್ಮ ಮನೇಲಿ ಇದ್ದೇ ಬಿಳಚ್ಕೊಂಡಿದ್ದು. ಅದನ್ನೇ ಹಾಕಿ."

ಅವರು ಕಣ್ಣೆತ್ತಿ ಒಮ್ಮೆ ನೋಡಿದರು. ಆಮೇಲೆ ಯಂತ್ರದ ದಾರ ಬಿಟ್ಟು ಹತ್ತಿಯ ದಾರ ತೆಗೆದು, ಕೈಯಲ್ಲೇ ಹೊಲಿದರು.

ಅಂಗಡಿಗೆ ಬಂದು ರೇಗಿದ್ದ ಆ ನೀಲಿ ಅಂಗಿಯವಳ ಮೇಲೆ ಈಗ ನನಗೆ ಹೊಟ್ಟೆಕಿಚ್ಚು. ಒಂದು ಸಲ ಬಂದು ಹೋಗಿ ಒಂಬತ್ತು ವರ್ಷ ಅವರ ಗಲ್ಲದ ಹತ್ತಿರ ಮಲಗಿದಳು, ಪುಣ್ಯವಂತೆ. ಮುಂದಿನ ರಜೆಯ ದಿನ ಊಟವಾದ ಮೇಲೆ ನಿದ್ದೆ ಬಂದವಳಂತೆ ಮಲಗಿ ಅರೆಗಣ್ಣಿನಲ್ಲಿ ಕಾದೆ. ಅವರ ಹೆಬ್ಬೆರಳು ಕೌದಿಯ ಮೇಲೆ ಬಂತು, ಬೂದಿ ಬಣ್ಣದ ತುಂಡನ್ನು ಮುಟ್ಟಿತು, ಗುರುತು ಸಿಗದೆ ತಡವರಿಸಿತು. ಆಮೇಲೆ ಅದು ಅಲ್ಲಿಯೇ ಸವರತೊಡಗಿತು.