ಅವ್ವ ಹತ್ತಿದ ಕಂಪ್ಲಿ ಬುರುಜು

ಆ ಸೋಮವಾರ ಅವ್ವನ ತವರುಮನೆಯಲ್ಲಿ ನಸುಕಿಗೇ ಎದ್ದು ಅಂಗಳ ಗುಡಿಸಿ ಸಗಣಿ ನೀರು ಹಾಕಿದೆ. ಸೋದರಮಾವನ ಹೆಂಡತಿ, ನನ್ನ ಅತ್ತೆ, ಎಮ್ಮೆ ಹಿಂಡುವಷ್ಟರಲ್ಲಿ ಜೋಳದ ಹಿಟ್ಟು ನಾದಿ ರೊಟ್ಟಿ ಬಡಿದೆ. ಪುಂಡಿಪಲ್ಯ ಬೇಯಿಸಿ ಇಳಿಸಿದೆ, ಗುರೆಳ್ಳು ಚಟ್ನಿಪುಡಿಯನ್ನು ಎಲೆಯಲ್ಲಿ ಕಟ್ಟಿದೆ. ಅವ್ವನ ಮೊಣಕಾಲಿಗೆ ರಾತ್ರಿ ಕಟ್ಟಿದ್ದ ಎಕ್ಕದ ಎಲೆ ಬಿಚ್ಚಿ, ಹರಳೆಣ್ಣೆ ತಿಕ್ಕಿ, ಹೊಸ ಎಲೆಯನ್ನು ಕೆಂಡದ ಮೇಲೆ ಬಾಡಿಸಿ ಮತ್ತೆ ಕಟ್ಟಿದೆ. ಸೋರೆಬುರುಡೆಗೆ ನೀರು ತುಂಬಿದೆ. ಈ ನಡುವೆ ಅವ್ವ ಕೊಟ್ಟಿಗೆಗೆ ಹೋಗಿ, ಬಂಡಿಯ ಮೇಲೆ ಹುಲ್ಲು ಬಿಗಿಯುವ ಹಗ್ಗ ತಂದು ಸುತ್ತಿ ರೊಟ್ಟಿ ಬುಟ್ಟಿಯ ತಳದಲ್ಲಿ ಇಟ್ಟಿದ್ದಳು. ಅದು ನನಗೆ ಆಗ ಗೊತ್ತಿರಲಿಲ್ಲ. ಬುಟ್ಟಿ ಯಾಕಿಷ್ಟು ಭಾರ ಎಂದುಕೊಂಡೇ ತಲೆಯ ಮೇಲೆ ಇಟ್ಟುಕೊಂಡೆ.

ಬಳ್ಳಾರಿ ಜಿಲ್ಲೆ ಇನ್ನೂ ಮದ್ರಾಸಿನ ಆಡಳಿತಕ್ಕೆ ಸೇರಿದ್ದ ಕಾಲ ಅದು. ನಾವಿದ್ದದ್ದು ಹೊಸಪೇಟೆಯಲ್ಲಿ. ನನ್ನನ್ನು ಕೊಟ್ಟದ್ದೂ ಅಲ್ಲಿಯೇ, ಅವ್ವನ ಮನೆಯ ಹಿಂದಿನ ಓಣಿಗೆ. ಸುಗ್ಗಿ ಮುಗಿದು ಕೈ ಬಿಡುವಾಯಿತೆಂದರೆ ಅವ್ವನಿಗೆ ಕೋಟೆ ನೋಡುವ ಹುಚ್ಚು ಹಿಡಿಯುತ್ತಿತ್ತು. ಜೊತೆಗೆ ನಾನೇ ಬೇಕು. ಹಂಪಿಯಲ್ಲಿ ಅರಮನೆ ಇದ್ದ ಜಾಗದ ಕಲ್ಲುಹಾಸಿನ ಮೇಲೆ ನಿಂತು, ಇಷ್ಟು ದೊಡ್ಡ ಮನೆಯನ್ನು ದಿನಾ ಯಾರು ಸಾರಿಸುತ್ತಿದ್ದರು ಎಂದು ಬಹಳ ಹೊತ್ತು ಯೋಚಿಸಿದ್ದಳು. ಸಂಡೂರಿನ ಗುಡ್ಡದ ಕೋಟೆಗೆ ಹೋದಾಗ ಬಾಗಿಲಿನ ಕಲ್ಲು ಸವರಿ, ಗಾರೆ ಇಲ್ಲದೆ ಹೇಗೆ ಕೂತಿದೆ ನೋಡು ಎಂದು ತೋರಿಸಿದ್ದಳು. ಆ ಕೆಮ್ಮಣ್ಣು ಸೀರೆಯ ಅಂಚಿನಿಂದ ಹೋಗಲು ಮೂರು ಒಗೆತ ಹಿಡಿಯಿತು. ಆದರೆ ತವರಿನ ಹತ್ತಿರದ್ದೇ ಆದ ಕಂಪ್ಲಿ ಕೋಟೆಯನ್ನು ಮಾತ್ರ ಅವಳು ಒಳಹೊಕ್ಕು ನೋಡಿರಲಿಲ್ಲ.

ಅವ್ವನ ತವರು ಮೆಟ್ರಿ. ಮದುವೆಯಾಗಿ ಹೊಸಪೇಟೆಗೆ ಹೊರಟಾಗ ಅವಳು ಇನ್ನೂ ಲಂಗದ ಹುಡುಗಿ. ಬಂಡಿಯ ಗೂಟ ಹಿಡಿದು ಅಳುತ್ತಿದ್ದವಳಿಗೆ ಅವಳ ಅಣ್ಣ, ಅಂದರೆ ನನ್ನ ಸೋದರಮಾವ, ಒಂದು ಮಾತು ಹೇಳಿದ್ದನಂತೆ. ಕಂಪ್ಲಿ ಬುರುಜು ಹತ್ತಿದರೆ ಹೊಸಪೇಟೆಯ ಅಂಗಳಗಳೆಲ್ಲ ಕಾಣುತ್ತವೆ, ನೀನು ಅತ್ತದ್ದು ಕಂಡರೆ ಊರ ತುಂಬ ಹೇಳುತ್ತೇನೆ ಎಂದು. ಅವ್ವ ಅದನ್ನು ನಂಬಿದಳು. ಗಂಡನ ಮನೆಯಲ್ಲಿ ಎಷ್ಟೋ ವರ್ಷ ಅಂಗಳದಲ್ಲಿ ಒಂದು ಹನಿ ಕಣ್ಣೀರು ಹಾಕಲಿಲ್ಲ. ಅಳು ಬಂದರೆ ಅಡುಗೆಮನೆಗೆ ಓಡುತ್ತಿದ್ದಳು. ಸೊಸೆ ಗಟ್ಟಿಗಿತ್ತಿ ಎಂದು ಅವಳ ಅತ್ತೆ ಓಣಿಯಲ್ಲೆಲ್ಲ ಹೊಗಳಿದ್ದಳಂತೆ.

ಆ ಬುರುಜನ್ನು ಹತ್ತಿ, ಅಂಗಳ ಕಾಣುತ್ತದೋ ಇಲ್ಲವೋ ತನ್ನ ಕಣ್ಣಾರೆ ನೋಡಬೇಕು. ಅವ್ವನಿಗಿದ್ದ ಆಸೆ ಇಷ್ಟೇ. ತವರಿಗೆ ಬಂದಾಗಲೆಲ್ಲ ಕೇಳುತ್ತಿದ್ದಳು. ಹೆಣ್ಣುಮಕ್ಕಳು ಬುರುಜು ಹತ್ತುವುದಿಲ್ಲ ಎಂದು ಮೊದಲು ಅವಳ ಅಪ್ಪ ಹೇಳಿದ. ಆಮೇಲೆ ಮಾವ ಹೇಳಿದ. ಈಗ ತಲೆ ಬೆಳ್ಳಗಾದ ಮೇಲೆ ಮೊಣಕಾಲಿನ ನೆಪ. ಹಿಂದಿನ ರಾತ್ರಿ ಊಟಕ್ಕೆ ಕೂತಾಗ ಮಾವ ನಗುತ್ತಾ ಪಂಥ ಕಟ್ಟಿದ್ದ.

"ನೀ ಬುರುಜು ಹತ್ತಿದ್ರ, ನಿನಗ ನಾನ ಕೈಯಾರ ಬಡಸ್ತೀನಿ."

ತನ್ನ ತಂಬಿಗೆಯ ನೀರನ್ನೂ ತಾನು ತುಂಬಿಕೊಳ್ಳದ ಮನುಷ್ಯ ಅವನು. ಅತ್ತೆ ರೊಟ್ಟಿ ಹಾಕುತ್ತಿದ್ದ ಕೈಯನ್ನು ಹಾಗೇ ಹಿಡಿದು ನಿಂತಳು.

ನಾವು ಮಾಡಿದ ತಪ್ಪೆಂದರೆ ಸೋಮವಾರ ಆರಿಸಿದ್ದು. ಸೋಮವಾರ ಹೊಲದ ಕೆಲಸ ಇಲ್ಲ, ಮಾವನಿಗೂ ಬಿಡುವು, ಅವನ ಬಂಡಿಯಲ್ಲಿ ಹೋಗಿಬರಬಹುದು, ಮರುದಿನ ನಾವು ಹೊಸಪೇಟೆಗೆ ಹೊರಡಬಹುದು ಎಂದು ಲೆಕ್ಕ ಹಾಕಿದ್ದೆವು. ಹೊಲದ ಕೆಲಸ ಯಾಕಿಲ್ಲ ಎಂಬುದೇ ಮರೆತಿತ್ತು. ಸೋಮವಾರ ಬಸವಣ್ಣನ ವಾರ, ಆ ದಿನ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ನೇಗಿಲಿಗೂ ಇಲ್ಲ, ಬಂಡಿಗೂ ಇಲ್ಲ. ಬುಟ್ಟಿ ಹೊತ್ತು ಹೊರಗೆ ಬಂದರೆ ಎತ್ತುಗಳು ಮೈತೊಳೆಸಿಕೊಂಡು, ಹಣೆಗೆ ವಿಭೂತಿ ಇಟ್ಟುಕೊಂಡು ಮೆಲುಕು ಹಾಕುತ್ತ ಮಲಗಿದ್ದವು. ಮಾವ ಅವುಗಳ ಬೆನ್ನು ಸವರುತ್ತ ನಿಂತಿದ್ದ. ಅವನ ಮುಖ ನೋಡಿದರೆ ಇದು ಅವನಿಗೆ ರಾತ್ರಿಯೇ ನೆನಪಿತ್ತು ಎನಿಸಿತು.

"ಇವತ್ತು ಎತ್ತು ಹೂಡಂಗಿಲ್ಲ ತಂಗಿ. ನಿನ್ನ ಬುರುಜು ಮುಂದಿನ ವರ್ಷಕ್ಕ."

"ಬುರುಜು ಹತ್ತಾಕಿ ನಾನು, ಎತ್ತಲ್ಲ," ಎಂದಳು ಅವ್ವ. "ನಡಿ, ನಡಕೊಂತ ಹೋಗೂಣು."

"ಮೊಣಕಾಲು?"

"ಅದಕ್ಕ ಸೋಮವಾರ ಇಲ್ಲ."

ಮಾವ ಬರದೆ ವಿಧಿ ಇರಲಿಲ್ಲ. ಅವನು ಕಣ್ಣಿಂದ ನೋಡದೆ ಪಂಥ ಒಪ್ಪುವವನಲ್ಲ. ಹೊಸ ಚಪ್ಪಲಿ ಮೆಟ್ಟಿಕೊಂಡು ಕಿರ್ರ ಕಿರ್ರ ಎನ್ನಿಸುತ್ತ ಮುಂದೆ ನಡೆದ. ಕಾಲುವೆಯ ಏರಿ ಹಿಡಿದು, ಭತ್ತ ಕೊಯ್ದ ಗದ್ದೆ ದಾಟಿ, ಕಬ್ಬಿನ ಸಂದಿಯಲ್ಲಿ ಹಾದು ಹೋದೆವು. ಅವ್ವ ಎಲ್ಲೂ ಕೂರಲಿಲ್ಲ. ಕೂತರೆ ಮೊಣಕಾಲು ಹಿಡಿದುಕೊಳ್ಳುತ್ತದೆ ಎಂದು ನಿಂತೇ ನೀರು ಕುಡಿದಳು. ಮೊದಮೊದಲು ಮುಂದಿದ್ದ ಮಾವ ಆಮೇಲೆ ನಮ್ಮ ಜೊತೆಗಾದ, ಆಮೇಲೆ ಹಿಂದಾದ. ಹೊತ್ತು ಏರಿದ ಹಾಗೆ ಬೇವಿನ ಮರ ಕಂಡಲ್ಲೆಲ್ಲ ಕೂರತೊಡಗಿದ. ಕಂಪ್ಲಿ ಮುಟ್ಟುವ ಹೊತ್ತಿಗೆ ಚಪ್ಪಲಿ ಅವನ ಕೈಯಲ್ಲಿದ್ದವು, ಎರಡೂ ಹಿಮ್ಮಡಿಯಲ್ಲಿ ಬೊಬ್ಬೆ ಎದ್ದಿದ್ದವು.

ಕೋಟೆ ಹೊಳೆಯ ದಂಡೆಯಲ್ಲಿತ್ತು. ಬಾಗಿಲು ದಾಟಿದರೆ ಒಂದಷ್ಟು ಮನೆ, ಗೋಡೆಯ ಮೇಲೆ ಒಣಹಾಕಿದ ಕೌದಿ. ಬುರುಜಿನ ಮೆಟ್ಟಿಲು ಅರ್ಧದವರೆಗೆ ಚೆನ್ನಾಗಿದ್ದವು. ಅಲ್ಲಿಂದ ಮೇಲಿನ ನಾಲ್ಕಾರು ಮೆಟ್ಟಿಲು ಕುಸಿದು, ನನ್ನ ಎದೆಮಟ್ಟದ ಗೋಡೆ ಎದುರಿಗೆ ನಿಂತಿತ್ತು. ಮಾವ ಕೆಳಗೆ ಒಂದು ಕಲ್ಲಿನ ಮೇಲೆ ಕೂತು ಹಿಮ್ಮಡಿ ನೋಡಿಕೊಳ್ಳುತ್ತ, ತಾನು ಹತ್ತುತ್ತಿದ್ದಾಗ ಮೆಟ್ಟಿಲಿದ್ದವು, ಇನ್ನು ಮುಗಿಯಿತು ಬಿಡು ಎಂದ.

ಅವ್ವ ಬುಟ್ಟಿಯ ತಳದಿಂದ ಹಗ್ಗ ತೆಗೆದಳು.

ಬಣವೆ ಒಟ್ಟುವವರಿಗೆ ಇದು ಗೊತ್ತಿರುವ ಕೆಲಸ. ಮೇಲೆ ಒಬ್ಬರು ಹಗ್ಗ ಬಿಗಿಹಿಡಿಯಬೇಕು, ಕೆಳಗಿನವರು ಹಗ್ಗಕ್ಕೆ ಮೈಭಾರ ಕೊಟ್ಟು, ಬಣವೆಯ ಮೈಗೆ ಅಂಗಾಲು ಒತ್ತಿ, ಮಲಗಿದಂತೆ ಹಿಂದಕ್ಕೆ ಬಾಗಿ ಹೆಜ್ಜೆ ಇಡಬೇಕು. ಹಾಗೆ ಹತ್ತಿದರೆ ಮೊಣಕಾಲು ಹೆಚ್ಚು ಮಡಚಬೇಕಾಗಿಲ್ಲ. ಹೊಸಪೇಟೆಯ ನಮ್ಮ ಹಿತ್ತಲಿನ ಬಣವೆಯ ಮೇಲೆ ಪ್ರತಿ ವರ್ಷ ನಿಲ್ಲುತ್ತಿದ್ದವಳು ಅವ್ವನೇ. ನಾನು ಬುಟ್ಟಿಯನ್ನು ಗೋಡೆಯ ಮೇಲಿಟ್ಟು ಮೊದಲು ಹತ್ತಿ, ಬುರುಜಿನ ಅಂಚಿನಲ್ಲಿ ಹಲ್ಲಿನಂತೆ ಎದ್ದಿದ್ದ ಕಲ್ಲುತೆನೆಗೆ ಹಗ್ಗ ಸುತ್ತಿ ತುದಿ ಬಿಟ್ಟೆ. ಅವ್ವ ನಾಟಿಗೆ ಇಳಿಯುವವಳ ಹಾಗೆ ಕಚ್ಚೆ ಬಿಗಿದಳು. ಒಂದು ಸಲ ಕಾಲು ಜಾರಿತು. ಎಕ್ಕದ ಎಲೆ ಕಿತ್ತು ಕೆಳಗೆ ಹಾರಿಹೋಯಿತು. ಅವ್ವ ಹಗ್ಗ ಬಿಡಲಿಲ್ಲ. ಮುಂದಿನ ಗಳಿಗೆಗೆ ಅವಳ ಕೈ ನನ್ನ ಕೈಯಲ್ಲಿತ್ತು.

ಮೇಲೆ ಗಾಳಿ. ಕೆಳಗೆ ತುಂಗಭದ್ರೆ ಬಂಡೆಗಳ ನಡುವೆ ಕವಲೊಡೆದು ಹರಿಯುತ್ತಿತ್ತು, ಒಂದು ಹರಿಗೋಲು ತಿರುತಿರುಗುತ್ತ ಆಚೆ ದಡಕ್ಕೆ ಹೋಗುತ್ತಿತ್ತು. ಪಡುವಲಿಗೆ ಹಂಪಿಯ ಕಲ್ಲುಗುಡ್ಡಗಳು ಸಾಲಾಗಿ ನಿಂತಿದ್ದವು. ಅವುಗಳಾಚೆ ಆಕಾಶ ಬಿಟ್ಟರೆ ಏನೂ ಇಲ್ಲ. ಅವ್ವ ಹಣೆಗೆ ಕೈಯಿಟ್ಟು ಆ ಕಡೆಯೇ ನೋಡಿದಳು. ಎಲ್ಲಿ ಅತ್ತುಬಿಡುತ್ತಾಳೋ ಎಂದು ನನಗೆ ಹೆದರಿಕೆಯಾಯಿತು. ಅವಳು ನಗತೊಡಗಿದಳು. ಹೊಟ್ಟೆ ಹಿಡಿದುಕೊಂಡು ಕಲ್ಲಿಗೆ ಒರಗಿದಳು.

"ಅಣ್ಣಾ, ಹೊಸಪ್ಯಾಟಿ ಎಲ್ಲೈತಿ? ಗುಡ್ಡ ಅಡ್ಡ ಐತಲ್ಲಾ."

"ಆವಾಗೂ ಇತ್ತು," ಎಂದ ಮಾವ ಕೆಳಗಿನಿಂದ.

"ಮತ್ತ ನಾ ಅಷ್ಟು ವರ್ಷ ಒಲಿ ಮುಂದ ಯಾಕ ಅಳತಿದ್ದೆ, ಹೇಳು."

ಮಾವ ತಲೆ ಎತ್ತಲಿಲ್ಲ. "ಸಂತಿಗೆ ಬಂದಾಗೆಲ್ಲ ಹತ್ತಿ ನೋಡ್ತಿದ್ದೆ. ಕಾಣ್ತಿದ್ದಿಲ್ಲ. ಇಳಿ ಇನ್ನ, ಬಿಸಲಾತು."

ಅವ್ವ ಇಳಿಯಲಿಲ್ಲ. ಬುರುಜಿನ ಸುತ್ತ ಒಂದು ಸುತ್ತು ಪೂರ್ತಿ ನಡೆದಳು. ಆಮೇಲೆ ಅಲ್ಲೇ ಕಾಲು ಚಾಚಿ ಕೂತು ರೊಟ್ಟಿ, ಪುಂಡಿಪಲ್ಯ ಉಂಡಳು. ಮಾವನ ಪಾಲನ್ನು ಬುಟ್ಟಿಯಲ್ಲಿಟ್ಟು ಹಗ್ಗದಿಂದ ಇಳಿಸಿದಳು. ಅಷ್ಟು ಚಟ್ನಿಪುಡಿಗೆ ಇಷ್ಟೇ ರೊಟ್ಟಿಯೇ ಎಂದು ಅವನು ಕೂಗಿದ್ದಕ್ಕೆ, ಮೇಲೆ ಬಂದವರಿಗೆ ಹೆಚ್ಚು ಎಂದಳು.

ಮರಳುವಾಗ ನಡೆಯಲಾರೆ ಎಂದವನು ಮಾವನೇ. ಪೇಟೆಯಲ್ಲಿ ಜಟಕಾ ಮಾಡಿದ. ಕುದುರೆಗೂ ಸೋಮವಾರ ಇಲ್ಲವಲ್ಲ ಎಂದು ಅವ್ವ ಅಂದಾಗ ಚಪ್ಪಲಿ ಒಳಗೆ ಎಸೆದು ಹತ್ತಿ ಕೂತ. ಅವ್ವ ಜಟಕಾದವನ ಪಕ್ಕಕ್ಕೆ ಕೂತು, ಮೆಟ್ರಿ ಬರುವವರೆಗೂ ಅವನಿಗೆ ಬುರುಜಿನ ಮೇಲಿಂದ ಏನೇನು ಕಂಡಿತು, ಏನು ಕಾಣಲಿಲ್ಲ ಎಂದು ಹೇಳಿದಳು.

ಸಂಜೆ ಮಾವ ಬಡಿಸಿದ. ಬದನೆಕಾಯಿ ಪಲ್ಯ ಯಾವ ಗಡಿಗೆಯಲ್ಲಿದೆ ಎಂದು ಅವನಿಗೆ ತಿಳಿಯಲಿಲ್ಲ, ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದಳೇ ಹೊರತು ತೋರಿಸಲಿಲ್ಲ. ಬಿಸಿ ರೊಟ್ಟಿ, ಬದನೆಕಾಯಿ, ಅನ್ನ, ಕೆನೆಮೊಸರು, ಅವ್ವನಿಗಾಗಿ ಅತ್ತೆ ಮಾಡಿದ್ದ ಗೋಧಿ ಹುಗ್ಗಿ. ಅವ್ವ ಹುಗ್ಗಿ ಮೂರು ಸಲ ಹಾಕಿಸಿಕೊಂಡಳು, ತುಪ್ಪ ಕಮ್ಮಿ ಎಂದು ಒಂದು ಸಲ ಅವನನ್ನು ಒಳಗೆ ಅಟ್ಟಿದಳು. ಎಲ್ಲರದೂ ಆದ ಮೇಲೆ ಮಾವ ಉಂಡು, ಜೋಳದ ಚೀಲಕ್ಕೆ ಒರಗಿದವನು ಹಾಗೇ ನಿದ್ದೆಹೋದ. ಅವತ್ತು ಮೊದಲು ಮಲಗಿದವನು ಅವನು. ಅವ್ವ ಅವನ ಹಿಮ್ಮಡಿಗೆ ಹರಳೆಣ್ಣೆ ಹಚ್ಚಿ ಕಂಬಳಿ ಹೊದಿಸಿದಳು. ಆಮೇಲೆ ಬಂದು, ಗಡಿಗೆಯ ತಳದ ಹುಗ್ಗಿಯನ್ನು ಕೆರೆದು ನನಗರ್ಧ ಕೊಟ್ಟು ತಾನರ್ಧ ತಿಂದಳು.